ಹೊತ್ತು ಮುಳುಗುವ ಮುಂಚಿನ ಊಟ

ಸಾಲ ನನಗಿರಲಿ, ಇಲ್ಲ ನನಗೇ ಇರಲಿ ಎಂದು ಗಂಡ ಹೆಂಡತಿ ಹಟ ಹಿಡಿದು ಕೂತದ್ದನ್ನು ವಕೀಲ ಕಮಲಾಕ್ಷರು ತಮ್ಮ ವೃತ್ತಿಯಲ್ಲಿ ಅವತ್ತೇ ಮೊದಲು ನೋಡಿದ್ದು. ಬೆಳ್ತಂಗಡಿ ಪೇಟೆಯ ಒಂದು ಹಳೇ ಕಟ್ಟಡದ ಮಾಳಿಗೆಯಲ್ಲಿ ಅವರ ಆಫೀಸು. ಆ ಮೆಟ್ಟಿಲು ಹತ್ತಿ ಬಂದವರು ಚಮಚ ಲೋಟಗಳಿಗೂ ಕಿತ್ತಾಡುವುದು ಅವರಿಗೆ ಹೊಸತಲ್ಲ. ಒಬ್ಬ ಮಹಾನುಭಾವ ಮಿಕ್ಸಿಯನ್ನು ತಾನಿಟ್ಟುಕೊಂಡು ಜಾರುಗಳನ್ನು ಮಾತ್ರ ಹೆಂಡತಿಗೆ ಬಿಟ್ಟುಕೊಟ್ಟಿದ್ದ. ಅಂಥವರನ್ನೆಲ್ಲ ಸಂಭಾಳಿಸಿದ ಕಮಲಾಕ್ಷರ ತಲೆಯನ್ನು ಇವರಿಬ್ಬರು ಕೆಡಿಸಿಬಿಟ್ಟರು.

"ಅಮ್ಮನ ಆಸ್ಪತ್ರೆ ಸಾಲ ನಾನು ಕಟ್ತೇನೆ. ನನ್ನ ಅಮ್ಮ ಅಲ್ವಾ?" ಎಂದ ಸಮ್ಮೇದ್.

"ಸಾಲ ತೆಗೆದದ್ದು ನನ್ನ ಸಂಬಳದ ಮೇಲೆ. ಇಷ್ಟು ದಿನ ನಾನೇ ಕಟ್ಟಿದ್ದು, ಉಳಿದದ್ದೂ ನಾನೇ ಕಟ್ತೇನೆ," ಎಂದಳು ಅನಿಷಾ. "ಅತ್ತೆಗೆ ಕೊನೆಗೆ ಗಂಜಿ ಕುಡಿಸಿದ್ದು ನಾನು. ಅವರ ಸಾಲ ಬೇರೆಯವರ ಕೈಗೆ ಯಾಕೆ ಕೊಡ್ಲಿ?"

"ನಾನು ಬೇರೆಯವನಾ?"

"ಡೈವೋರ್ಸ್ ಅಂದ್ರೆ ಅದೇ ಮಾರಾಯ್ರೆ," ಎಂದು ಕಮಲಾಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಬ್ಬರೂ ಒಪ್ಪಿದ ಕೇಸು, ಬೇಗ ಮುಗೀತದೆ ಅಂತ ನಾನು ಗ್ರಹಿಸಿದ್ದೆ. ನೀವು ನೋಡಿದ್ರೆ ಸಾಲಕ್ಕೆ ಜಗಳ ಆಡ್ತೀರಿ. ಅರ್ಧ ಅರ್ಧ ಬರೀತೇನೆ. ಇನ್ನು ಆ ವಿಷಯ ಎತ್ಬೇಡಿ."

ಸಮ್ಮೇದನ ಅಮ್ಮ ಪ್ರಭಾವತಿ ತೀರಿಹೋಗಿ ಮೂರು ವರ್ಷವಾಗಿತ್ತು. ಬದುಕಿದ್ದರೆ ಈ ಅರ್ಧ ಅರ್ಧದ ಮಾತು ಕೇಳಿ ಮಗನಿಗೂ ಸೊಸೆಗೂ ಸೌಟಿನಲ್ಲೇ ಕೊಡುತ್ತಿದ್ದರು.

ಆಮೇಲೆ ಬಂದದ್ದು ಬಸ್ಸಿನ ಸಾಲ. ಅನಿಷಾ ರಜೆ ಹಾಕಿ ಬಂದದ್ದೇ ಅದಕ್ಕಾಗಿ. ಸಮ್ಮೇದನ ಬಸ್ಸಿನ ಹೆಸರು ಪದ್ಮಾಂಬಾ. ಬಂಟ್ವಾಳದಿಂದ ಸಿದ್ಧಕಟ್ಟೆಯ ಮೇಲೆ ಮೂಡುಬಿದಿರೆ, ಅಲ್ಲಿಂದ ವೇಣೂರು ದಾಟಿ ಬೆಳ್ತಂಗಡಿ. ದಿನವಿಡೀ ಈ ದಾರಿಯಲ್ಲಿ ಓಡುವ ಆ ಒಂದೇ ಬಸ್ಸಿಗೆ ಧಣಿಯೂ ಅವನೇ, ಡ್ರೈವರೂ ಅವನೇ. ಅನಿಷಾ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಫೀಸು ಕೌಂಟರಿನ ಕೆಲಸದವಳು. ಅವಳ ಸಂಬಳ ನೋಡಿ, ಅವಳದೂ ಸಹಿ ಹಾಕಿಸಿಕೊಂಡೇ ಬೆಳ್ತಂಗಡಿಯ ಸೊಸೈಟಿಯವರು ಬಸ್ಸಿಗೆ ಸಾಲ ಕೊಟ್ಟದ್ದು.

ಈಗ ಆ ಸಹಿಯೇ ಅವಳ ಕಾಲಿಗೆ ತೊಡರಿಕೊಂಡಿತ್ತು. ಮೊದಲು ಇಬ್ಬರೂ ಇದ್ದ, ಈಗ ಅವಳೊಬ್ಬಳೇ ಬಾಡಿಗೆಗಿರುವ ಮೂಡುಬಿದಿರೆಯ ಎರಡು ಕೋಣೆಯ ಹಂಚಿನ ಮನೆಯನ್ನು ಅದರ ಒಡತಿ ಸೈನಬಕ್ಕ ಮಾರಲು ಹೊರಟಿದ್ದರು. ಮೊದಲು ನಿನಗೇ ಎಂದಿದ್ದರು. ಏಪ್ರಿಲ್ ನಡುವಿನ ಬಿಸು ಹಬ್ಬದವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಎಂದೂ ಹೇಳಿದ್ದರು. ಅನಿಷಾಳಿಗೆ ಆ ಮನೆ ಬೇಕೇ ಬೇಕಿತ್ತು. ಮೂವತ್ತೆಂಟರ ವಯಸ್ಸಿನಲ್ಲಿ ತವರಿಗೆ ಹೋಗಿ ತಮ್ಮನ ಹೆಂಡತಿಯ ಅಡುಗೆಮನೆಯಲ್ಲಿ ಡಬ್ಬಿ ತೆರೆಯುವ ಮುಂಚೆ ಅನುಮತಿ ಕೇಳುವುದು ಅವಳಿಂದಾಗದು. ಆದರೆ ಬಸ್ಸಿನ ಸಾಲದಲ್ಲಿ ಹೆಸರಿರುವವರೆಗೆ ಮನೆ ಸಾಲ ಆಗುವುದಿಲ್ಲ ಎಂದು ಬ್ಯಾಂಕಿನವರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಜಾಗ ಇರುವ ಇನ್ನೊಬ್ಬರು ಜಾಮೀನು ನಿಂತರೆ ನಿಮ್ಮ ಹೆಸರು ತೆಗೆಯಬಹುದು ಎಂದು ಸೊಸೈಟಿಯವರು ದಾರಿ ತೋರಿಸಿದ್ದರು. ಹಾಗೆ ಜಾಗ ಇರುವವರು ಈ ಸಂಸಾರಕ್ಕೆ ಗೊತ್ತಿದ್ದದ್ದು ಒಬ್ಬರೇ, ಸಮ್ಮೇದನ ಸೋದರಮಾವ, ಅಳದಂಗಡಿಯ ಹೇಮರಾಜ.

"ಮಾವನ ಹತ್ರ ಕೇಳ್ತೀರಾ?" ಎಂದು ಅನಿಷಾ ನೇರವಾಗಿ ಕೇಳಿದಳು.

ಸಮ್ಮೇದ್ ಕಿಟಕಿಯ ಹೊರಗೆ ನೋಡಿದ. "ನೋಡುವ," ಎಂದ.

ನಮ್ಮ ಕಡೆ "ನೋಡುವ" ಎನ್ನುವವರು ಬೇಕಾದಷ್ಟು ಜನ, ಅವರಲ್ಲಿ ಕೆಲವರು ನಿಜವಾಗಿಯೂ ನೋಡುತ್ತಾರೆ. ಸಮ್ಮೇದನ "ನೋಡುವ" ಮಾತ್ರ ಬಾವಿಗೆ ಬಿದ್ದ ಕೊಡಪಾನದ ಹಾಗೆ. ಒಮ್ಮೆ ಸದ್ದು ಕೇಳಿಸುತ್ತದೆ, ಮತ್ತೆ ಮೇಲೆ ಬರುವುದಿಲ್ಲ.

"ಇನ್ನೇನಾದ್ರೂ ಉಂಟಾ?" ಎಂದರು ಕಮಲಾಕ್ಷರು. "ಒಡವೆ, ಚಿನ್ನ? ಕೋರ್ಟಿಗೆ ಹೋದ ಮೇಲೆ ನೆನಪಾಯ್ತು ಅಂತ ಹೇಳ್ಬಾರ್ದು."

"ಏನೂ ಇಲ್ಲ," ಎಂದಳು ಅನಿಷಾ, ಸ್ವಲ್ಪ ಬೇಗನೇ.

ಸಮ್ಮೇದ್ ತಲೆ ಎತ್ತಲಿಲ್ಲ.

ಚಿನ್ನ ಇತ್ತು. ಮದುವೆಯಲ್ಲಿ ಅವಳ ಅಪ್ಪ ಹಾಕಿದ ಹದಿನಾಲ್ಕು ಪವನು, ಇಬ್ಬರ ಹೆಸರಿನ ಲಾಕರಿನಲ್ಲಿ ಕೆಂಪು ಮಖಮಲ್ಲಿನ ಚೀಲದಲ್ಲಿತ್ತು. ಕೊರೋನಾದ ಮುಂಚಿನ ವರ್ಷ ಸಮ್ಮೇದನಿಗೆ ಇನ್ನೊಂದು ಬಸ್ಸಿನ ಆಸೆ ಹುಟ್ಟಿತು. ಎರಡು ಬಸ್ಸಾದರೆ ತಾನು ಸ್ಟಿಯರಿಂಗ್ ಬಿಟ್ಟು ಮನೆಯಲ್ಲಿ ಕಾಲು ಚಾಚಿ ಕೂರಬಹುದು ಎಂದು ಅವನ ಲೆಕ್ಕ. ಹೆಂಡತಿಗೆ ಹೇಳದೆ ಚಿನ್ನ ಅಡವಿಟ್ಟ. ಬಸ್ಸು ಬಂದು ನೆಟ್ಟಗೆ ನಾಲ್ಕು ತಿಂಗಳು ಓಡಿರಲಿಲ್ಲ, ಊರಿಗೇ ಬೀಗ ಬಿತ್ತು. ಗುರುವಾಯನಕೆರೆಯ ಹತ್ತಿರ ಒಂದು ಮರದಡಿ ನಿಂತೇ ಅದರ ಟಯರು ಕೊಳೆಯಿತು. ಕೊನೆಗೆ ಬಸ್ಸು ಗುಜರಿಯ ಬೆಲೆಗೆ ಹೋಯಿತು, ಚಿನ್ನ ಏಲಂನಲ್ಲಿ ಹೋಯಿತು. ಇಷ್ಟಾದರೂ ಸಮ್ಮೇದ್ ಬಾಯಿ ಬಿಡಲಿಲ್ಲ. ಬಸ್ಸು ಯಾರೋ ಪಾಲುದಾರನದು, ತನಗೇನೂ ನಷ್ಟವಿಲ್ಲ ಎಂದು ಅಮ್ಮನಿಗೂ ಮಾವನಿಗೂ ಹೆಂಡತಿಗೂ ಒಂದೇ ಕತೆ ಹೇಳಿದ.

ಅನಿಷಾಳಿಗೆ ಗೊತ್ತಾದದ್ದು ಚಿಕ್ಕಪ್ಪನ ಮಗಳ ಮದುವೆಯ ಮುಂಚೆ. ಸರ ತಂದುಕೊಡಿ ಎಂದಾಗ ಅವನು "ನೋಡುವ" ಎಂದ. ಎರಡು ಸಲ ಹಾಗೆಂದ ಮೇಲೆ ಅವಳೇ ಹೋಗಿ ಲಾಕರು ತೆರೆದಳು. ಒಳಗೆ ಖಾಲಿ ಚೀಲ, ಅಂದವಾಗಿ ನಾಲ್ಕು ಮಡಿಕೆ ಮಾಡಿ ಇಟ್ಟದ್ದು. ಎಸೆದು ಹೋಗಿದ್ದರೆ ಸಿಟ್ಟಾದರೂ ಬರುತ್ತಿತ್ತು. ಇಷ್ಟು ಜೋಪಾನವಾಗಿ ಮಡಚಿಟ್ಟವನಿಗೆ ಒಂದು ಮಾತು ಹೇಳಲು ಆಗಲಿಲ್ಲವೇ?

ಅವಳು ಮನೆಗೆ ಬಂದು ಕಾದಳು. ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ಕಾದಳು. ಅವಳಾದರೂ ಕೇಳಬಹುದಿತ್ತು. ಆದರೆ ಅವಳ ಹಟವೂ ಕಮ್ಮಿಯದಲ್ಲ, ಕಾಯುವುದರಲ್ಲೇ ತನ್ನ ದೊಡ್ಡಸ್ತಿಕೆ ಇದೆ ಎಂದುಕೊಂಡಳು.

ಅಲ್ಲದೆ ಅವರು ಮಾತಾಡುವುದಾದರೂ ಯಾವಾಗ? ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಉಣ್ಣುವ ಕ್ರಮವಿಲ್ಲ. ಪದ್ಮಾಂಬಾ ಬಂಟ್ವಾಳದಿಂದ ಮೂಡುಬಿದಿರೆಗೆ ಬರುವಾಗ ಸಂಜೆ ಮುಕ್ಕಾಲು ಆರು, ಮತ್ತೆ ಬೆಳ್ತಂಗಡಿಗೆ ಹೊರಡುವುದು ಆರಕ್ಕೆ. ಅನಿಷಾ ಕಾಲೇಜು ಬಿಟ್ಟು ಓಡಿಬಂದು, ಬುತ್ತಿ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದಳು. ಅವನು ಡ್ರೈವರ್ ಸೀಟಿನಲ್ಲೇ ಕೂತು, ಹೊತ್ತು ಮುಳುಗುವ ಮುಂಚೆ ಗಬಗಬ ಉಂಡು, ಡಬ್ಬಿಯನ್ನು ಕಿಟಕಿಯಿಂದ ಕೆಳಗೆ ಕೊಡುತ್ತಿದ್ದ. ಕೆಳಗೆ ನಿಂತ ಅವಳು "ಉಪ್ಪು ಸರಿ ಉಂಟಾ?" ಎಂದರೆ ಮೇಲಿನಿಂದ "ಹ್ಞಾಂ" ಎನ್ನುತ್ತಿದ್ದ. ಬೆಳ್ತಂಗಡಿ ಮುಟ್ಟಿ ತಿರುಗಿ ಮನೆಗೆ ಬರುವಾಗ ಒಂಬತ್ತು. ಆಗ ಒಲೆಯೂ ಆರಿರುತ್ತಿತ್ತು, ಅವಳ ಕಣ್ಣೂ ಎಳೆಯುತ್ತಿತ್ತು. ಬೆಳಿಗ್ಗೆ ಐದಕ್ಕೆ ಅವನು ಹೊರಟಾಯಿತು. ಹದಿಮೂರು ವರ್ಷದ ಸಂಸಾರದಲ್ಲಿ ಈ ಗಂಡ ಹೆಂಡತಿ ಎದುರೆದುರು ಕೂತು ಉಂಡದ್ದು ಬೇರೆಯವರ ಮದುವೆ ಊಟದಲ್ಲಿ ಮಾತ್ರ. ಎದುರಿಗೆ ತಟ್ಟೆ ಇದ್ದರೆ ಮಾತು ತಾನಾಗಿ ಬರುತ್ತದೆ, ಮಜ್ಜಿಗೆ ಬಡಿಸುವಾಗ ಸಾಲದ ಸುದ್ದಿಯೂ ಬಂದೀತು. ಡಬ್ಬಿ ಕೊಟ್ಟು ತೆಗೆದುಕೊಳ್ಳುವ ಕಿಟಕಿಯಲ್ಲಿ ಅದೆಲ್ಲ ಆಗುವ ಮಾತಲ್ಲ. ಕೊನೆಯ ಟ್ರಿಪ್ಪಿಗೆ ಬದಲಿ ಡ್ರೈವರನ್ನು ಹಾಕಿ ಎಂದು ಅವಳು ಒಮ್ಮೆ ಕೇಳಿದ್ದಳು. ಉತ್ತರ ಏನು ಬಂದಿತೆಂದು ಹೇಳಬೇಕಾಗಿಲ್ಲ.

ಅತ್ತೆ ಹೋದ ಮೇಲೆ ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಮಾತ್ರ ಉಳಿಯಿತು. ಒಂದು ದಿನ ಅವಳು "ಬೇರೆ ಆಗುವ" ಎಂದಳು. ಅವನು ಜೀವನದಲ್ಲಿ ಮೊದಲ ಬಾರಿಗೆ "ನೋಡುವ" ಎನ್ನದೆ "ಆಗ್ಲಿ" ಎಂದ. ಬಟ್ಟೆ ತುಂಬಿಕೊಂಡು ಅಳದಂಗಡಿಗೆ, ಮಾವನ ಮನೆಗೆ ಹೋದ. ಬಸ್ಸೂ ರಾತ್ರಿ ಬೆಳ್ತಂಗಡಿಯಲ್ಲೇ ನಿಲ್ಲತೊಡಗಿತು.

ಇಷ್ಟಾದ ಮೇಲೂ ಕಮಲಾಕ್ಷರ ಎದುರು ಅವಳು ಚಿನ್ನದ ಮಾತು ಎತ್ತಲಿಲ್ಲ. ಬೆಳ್ತಂಗಡಿಯ ಅರ್ಧ ಜನ ಹತ್ತಿಳಿಯುವ ಮೆಟ್ಟಿಲು ಅದು. ಹೆಂಡತಿಯ ಒಡವೆ ಕರಗಿಸಿದವನು ಎಂಬ ಹೆಸರು ಅವನಿಗೆ ಬರಬಾರದು ಎಂದು ಅವಳಿಗಿತ್ತು. ಬೇರೆಯಾಗುವುದು ಬೇರೆ, ಮಾನ ತೆಗೆಯುವುದು ಬೇರೆ.

ಫೆಬ್ರವರಿಯ ಒಂದು ಶನಿವಾರ ಅವಳು ಕಾಲೇಜು ಮುಗಿಸಿ ಬಂಟ್ವಾಳದ ಹತ್ತಿರದ ನರಿಕೊಂಬಿಗೆ ಹೋದಳು. ಸೈನಬಕ್ಕ ಅಲ್ಲಿ ಮಗಳು ಹಫ್ಸಳ ಮನೆಯಲ್ಲಿದ್ದರು. ಇನ್ನೊಂದೆರಡು ತಿಂಗಳು ಕಾಯಬಹುದೇ ಎಂದು ಕೇಳಬೇಕಿತ್ತು. ಸೈನಬಕ್ಕ ಚಹಾ ಕೊಟ್ಟರು, ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿ ಕೊಟ್ಟರು, ಅವಧಿ ಮಾತ್ರ ಕೊಡಲಿಲ್ಲ.

"ಅಳಿಯ ಇಲ್ಲಿ ಹೊಸ ಮನೆಗೆ ಅಡಿಪಾಯ ಹಾಕಿ ಆಗಿದೆ ಮಗಾ. ಹಣ ಬೇಕಾಗ್ತದೆ," ಎಂದು ಅವರು ಅವಳ ಕೈ ಹಿಡಿದುಕೊಂಡರು. "ನನಗೇನು ಬೇರೆಯವರಿಗೆ ಕೊಡುವ ಆಸೆಯಾ? ನೀನು ನೆಟ್ಟ ತೊಂಡೆ ಚಪ್ಪರ ಉಂಟಲ್ಲ ಅಲ್ಲಿ."

ಆ ತೊಂಡೆ ಚಪ್ಪರದ ಮಾತಿಗೆ ಅವಳ ಕಣ್ಣು ತುಂಬಿತು.

ಬಂಟ್ವಾಳದಲ್ಲಿ ಮೂಡುಬಿದಿರೆಗೆ ಹೊರಟು ನಿಂತದ್ದು ಪದ್ಮಾಂಬಾವೇ. ಅದನ್ನು ಬಿಟ್ಟರೆ ಇನ್ನೊಂದು ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕು. ಅವಳು ಹಿಂದಿನ ಬಾಗಿಲಿನಿಂದ ಹತ್ತಿ ಮೂಲೆಯಲ್ಲಿ ಕೂತಳು. ಕಂಡಕ್ಟರ್ ಹನೀಫಾ ಬಂದಾಗ ದುಡ್ಡು ಚಾಚಿದಳು. ಬಸ್ಸು ತಂದ ದಿನದಿಂದ ಇದ್ದವನು ಅವನು. ಚಾಚಿದ ಕೈಯನ್ನೇ ನೋಡಿದ, ದುಡ್ಡು ಮುಟ್ಟಲಿಲ್ಲ.

"ಧಣಿಯ ಮನೆಯವರ ಹತ್ರ ಟಿಕೇಟಾ ಅಕ್ಕ?"

"ನಾನೀಗ ಮನೆಯವಳಲ್ಲ ಹನೀಫಾ."

"ಅದು ಕೋರ್ಟಿನವರು ಹೇಳ್ಲಿ. ಆಮೇಲೆ ತಗೊಳ್ತೇನೆ." ಅವನು ಪಕ್ಕದ ಕಂಬಿಗೆ ಒರಗಿ ದನಿ ತಗ್ಗಿಸಿದ. "ಅಕ್ಕ, ನಾನು ಹೇಳಿದೆ ಅಂತ ಬೇಡ. ಸಂಜೆ ನಮ್ಮ ಧಣಿಗೆ ಒಂದು ಬಿಸ್ಕೀಟು ಪೊಟ್ಟಣ, ಎರಡು ಬಾಳೆಹಣ್ಣು. ಕತ್ತಲೆ ಆದ ಮೇಲೆ ಬಾಯಿಗೆ ಏನೂ ಇಲ್ಲ. ಹೋಟ್ಲಿಂದ ತರ್ತೇನೆ ಅಂದ್ರೆ, ಅದ್ರಲ್ಲಿ ನೀರುಳ್ಳಿ ಉಂಟು, ಬೇಡ ಅಂತಾರೆ."

ಅನಿಷಾಳಿಗೆ ಸಿಟ್ಟು ಬಂತು. ಕಮಲಾಕ್ಷರು ಬರೆದುಕೊಂಡದ್ದರಲ್ಲಿ ಆಸ್ಪತ್ರೆ ಸಾಲ ಇತ್ತು, ಬಸ್ಸಿನ ಸಾಲ ಇತ್ತು, ಫ್ರಿಜ್ಜಿನ ಉಳಿದ ಕಂತೂ ಇತ್ತು. ಈ ಸಂಜೆಯ ಊಟ ಯಾರ ಪಾಲಿಗೂ ಬರೆದಿರಲಿಲ್ಲ. ನಲವತ್ತು ದಾಟಿದ ಗಂಡಸು, ಬುತ್ತಿ ಕಟ್ಟಿಕೊಳ್ಳಲು ಕೈ ಇಲ್ಲವೇ? ಸಿದ್ಧಕಟ್ಟೆ ಬರುವವರೆಗೆ ಅವನನ್ನು ಮನಸ್ಸಿನಲ್ಲೇ ಬೈದಳು. ಅಲ್ಲಿಂದ ಮುಂದೆ, ಎದುರಿನ ಕನ್ನಡಿಯಲ್ಲಿ ಕಾಣುತ್ತಿದ್ದ ಅವನ ಕೆನ್ನೆ ಒಳಗೆ ಹೋದದ್ದನ್ನು ನೋಡುತ್ತ ಸುಮ್ಮನೆ ಕೂತಳು.

ಮೂಡುಬಿದಿರೆಯಲ್ಲಿ ಇಳಿದು ಹೊರಟವಳ ಕಾಲು ಹಳೇ ಅಭ್ಯಾಸದಂತೆ ಡ್ರೈವರ್ ಕಿಟಕಿಯ ಕೆಳಗೆ ಹೋಗಿ ನಿಂತಿತು. ಕೈಯಲ್ಲಿ ಡಬ್ಬಿ ಇರಲಿಲ್ಲ. ಅವನು ಬಗ್ಗಿ ನೋಡಿದ.

"ಮಾವ ಆಗುದಿಲ್ಲ ಅಂದ್ರೆ ಆಗುದಿಲ್ಲ ಅಂತ ಹೇಳಿ," ಎಂದಳು ಅನಿಷಾ. "ನೋಡುವ ಅಂತ ಮಾತ್ರ ಹೇಳ್ಬೇಡಿ. ಮನೆ ಹೋದ್ರೆ ಹೋಗ್ಲಿ. ಕಾದು ಕಾದು ನನಗೆ ಸಾಕಾಗಿದೆ."

ಬಸ್ಸಿನಲ್ಲಿ ಯಾರೋ ಹೊರಡಿ ಎಂದು ಗೊಣಗಿದರು. ಸಮ್ಮೇದ್ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡೇ ಇದ್ದ.

"ಇನ್ನೂ ಕೇಳ್ಲಿಲ್ಲ," ಎಂದ. "ಹೆದರಿಕೆ ಆಗ್ತದೆ."

ಅವನ ಬಾಯಿಂದ ಆ ಮಾತನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. "ಏನಾದ್ರೂ ತಿನ್ನಿ," ಎಂದಷ್ಟೇ ಹೇಳಿ ತಿರುಗಿ ನಡೆದಳು.

ಮುಂದಿನ ಎರಡು ವಾರ ಯಾವ ಸುದ್ದಿಯೂ ಇಲ್ಲ. ಅವಳು ಬೇರೆ ಬಾಡಿಗೆ ಮನೆ ಹುಡುಕತೊಡಗಿದಳು. ಒಂದು ಕಡೆ ನೀರಿಲ್ಲ, ಇನ್ನೊಂದು ಕಡೆ ಗಂಡ ಎಲ್ಲಿ ಎಂಬ ಪ್ರಶ್ನೆ. ಮಾರ್ಚ್ ತಿಂಗಳ ಒಂದು ಸಂಜೆ ಕಾಲೇಜಿನಿಂದ ಬಂದು ತೊಂಡೆಕಾಯಿ ಕೊಯ್ಯುತ್ತಿದ್ದಾಗ ಗೇಟಿನ ಚಿಲಕ ಸದ್ದಾಯಿತು. ಸಮ್ಮೇದ್ ನಿಂತಿದ್ದ. ಇಳಿಬಿಸಿಲು ಅವನ ಮುಖದ ಮೇಲೆ ಬಿದ್ದಿತ್ತು. ವಾರದ ದಿನ, ಇಷ್ಟು ಬೆಳಕಿರುವಾಗ ಅವನನ್ನು ಈ ಅಂಗಳದಲ್ಲಿ ಅವಳು ನೋಡಿದ್ದೇ ಇಲ್ಲ.

"ಬಸ್ಸು ಕೆಟ್ಟಿತಾ?"

"ಇಲ್ಲ. ಬದಲಿ ಡ್ರೈವರ್ ಉಂಟು." ಅವನು ಚಪ್ಪಲಿ ಬಿಡುತ್ತ, "ಮಾವನೂ ಮೊನ್ನೆ ಇದನ್ನೇ ಕೇಳಿದ್ರು," ಎಂದ.

ಹೊತ್ತು ಮುಳುಗಲು ಇನ್ನು ಮುಕ್ಕಾಲು ಗಂಟೆಯಿತ್ತು. ಅವಳು ಒಳಗೆ ಹೋಗಿ ಅನ್ನ ಬಿಸಿ ಮಾಡಿದಳು, ಸೌತೆಕಾಯಿ ಹುಳಿ ಇತ್ತು, ಕೊಯ್ದ ತೊಂಡೆಕಾಯಿಯನ್ನು ಬೇಗ ಬೇಗ ಹೆಚ್ಚಿ ಪಲ್ಯಕ್ಕಿಟ್ಟಳು. ಉಣ್ಣುತ್ತೀರಾ ಎಂದು ಕೇಳಲಿಲ್ಲ. ಎರಡು ತಟ್ಟೆ ಹಾಕಿದಳು. ಎದುರೆದುರು ಕೂತ ಮೇಲೆ ಇಬ್ಬರಿಗೂ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಮದುವೆಯಾದ ಹೊಸತರಲ್ಲೂ ಅವರು ಇಷ್ಟು ನಾಚಿರಲಿಲ್ಲ.

"ಅಳದಂಗಡಿಗೆ ಹೋಗಿ ಒಂದು ವರ್ಷ ಆಯ್ತು," ಎಂದು ಸಮ್ಮೇದ್ ಅನ್ನ ಕಲಸುತ್ತ ಶುರು ಮಾಡಿದ. "ನಾನು ಹೋಗುವಾಗ ಮಾವ ಮಲಗಿರ್ತಾರೆ. ಬರುವಾಗಲೂ ಮಲಗಿರ್ತಾರೆ. ಒಂದೇ ಮನೆಯಲ್ಲಿದ್ದು ಮಾತೇ ಇಲ್ಲ. ಕೇಳ್ಬೇಕಾದ್ರೆ ಬೆಳಕಿರುವಾಗ ಹೋಗ್ಬೇಕು ಅಂತ ಮೊನ್ನೆ ಮಧ್ಯಾಹ್ನದ ಮೇಲೆ ಬಸ್ಸು ಬದಲಿ ಡ್ರೈವರಿಗೆ ಕೊಟ್ಟೆ. ಅವರ ಜೊತೆ ಊಟಕ್ಕೆ ಕೂತೆ. ಎಲ್ಲ ಹೇಳಿದೆ."

"ಎಲ್ಲ ಅಂದ್ರೆ?"

"ಎರಡನೇ ಬಸ್ಸು ನಂದೇ ಅಂತ. ನಿನ್ನ ಚಿನ್ನ ಅದಕ್ಕೆ ಹೋಯ್ತು ಅಂತ."

ಅವಳ ಕೈ ತಟ್ಟೆಯಲ್ಲೇ ನಿಂತಿತು. ಅವನು ಮುಂದುವರಿಸಿದ, ಒಮ್ಮೆ ನಿಲ್ಲಿಸಿದರೆ ಮತ್ತೆ ಹೇಳಲಾಗದು ಎಂಬ ಹೆದರಿಕೆಯಲ್ಲಿ ಇದ್ದವನ ಹಾಗೆ.

"ಊಟ ಮುಗಿಯುವವರೆಗೆ ಮಾವ ಕೇಳ್ತಾ ಉಂಡ್ರು. ಕೈ ತೊಳೆದು ಬಂದು, ಆ ಹುಡುಗಿಗೆ ಗೊತ್ತುಂಟಾ ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ."

"ಗೊತ್ತುಂಟು," ಎಂದಳು ಅನಿಷಾ. "ಚೀಲ ಮಡಚಿ ಇಟ್ಟಿದ್ರಲ್ಲ, ಅದನ್ನು ನೋಡಿದ ದಿನದಿಂದ."

ಸಮ್ಮೇದ್ ಅವಳನ್ನೇ ನೋಡಿದ. "ಅಷ್ಟು ವರ್ಷದಿಂದಲಾ? ಯಾಕೆ ಕೇಳ್ಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ."

ಅವನ ಕಣ್ಣಿಂದ ನೀರು ಇಳಿಯಿತು. ಎಡಗೈಯಿಂದ ಒರೆಸಿಕೊಂಡ, ಉಣ್ಣುವುದನ್ನು ಮಾತ್ರ ಬಿಡಲಿಲ್ಲ. ಹೊರಗೆ ಬಿಸಿಲು ಕಮ್ಮಿಯಾಗುತ್ತಿತ್ತು. ಅವಳು ಇನ್ನಷ್ಟು ಹುಳಿ ಬಡಿಸಿದಳು. ಅವಳಿಗೂ ಅಳು ಬಂದಿತ್ತು. ಅವನ ಮೇಲೆ ಅಷ್ಟು ಸಿಟ್ಟು, ಅಷ್ಟೇ ಪ್ರೀತಿ ಎರಡೂ ಒಟ್ಟಿಗೆ ಬಂದವು.

"ಜಾಮೀನು ಹಾಕ್ತಾರಂತೆ," ಎಂದ ಅವನು. "ಒಂದು ಷರತ್ತು. ದಿನಾ ಹೊತ್ತು ಮುಳುಗುವ ಮುಂಚೆ ಮನೆಗೆ ಬಂದು ಅವರ ಜೊತೆ ಊಟ ಮಾಡ್ಬೇಕಂತೆ. ಸಹಿ ಹಾಕಿದವನಿಗೆ ನಿನ್ನ ವ್ಯವಹಾರ ಏನಾಗ್ತಾ ಉಂಟು ಅಂತ ದಿನಾ ಗೊತ್ತಾಗ್ಬೇಕು ಅಂತ ಹೇಳಿದ್ರು. ಸಂಜೆ ಟ್ರಿಪ್ಪಿಗೆ ಬದಲಿ ಡ್ರೈವರ್ ಖಾಯಂ ಮಾಡಿದೆ. ಇವತ್ತು ಮಾತ್ರ ಇಲ್ಲಿಗೆ ಬರ್ತೇನೆ ಅಂತ ಅವರಿಗೆ ಹೇಳಿ ಬಂದೆ."

ಅನಿಷಾಳಿಗೆ ಮನೆ ಉಳಿಯಿತೆಂಬ ಸಂತೋಷ ಆಗಬೇಕಿತ್ತು. ಆಯಿತು ಕೂಡ. ಆದರೆ ಅದರ ಬೆನ್ನಿಗೇ ಒಂದು ನೋವು ಚುಚ್ಚಿತು. ಹೆಂಡತಿ ಕೇಳಿದಾಗ ಸಿಗದ ಬದಲಿ ಡ್ರೈವರ್ ಮಾವನ ಒಂದು ಸಹಿಗೆ ಸಿಕ್ಕಿದ್ದ.

"ನಾನೂ ಇದನ್ನೇ ಕೇಳಿದ್ದೆ," ಎಂದಳು.

"ನೆನಪುಂಟು. ನೋಡುವ ಅಂದಿದ್ದೆ." ಅವನು ತಲೆ ತಗ್ಗಿಸಿದ. "ಡೈವೋರ್ಸಿನ ಅರ್ಜಿ ಹಾಕುದು ಬೇಡ್ವಾ ಹಾಗಾದ್ರೆ?" ಎಂದು ಕೇಳಿದ.

ಬೇಡ ಎಂದುಬಿಡುವುದು ಎಷ್ಟು ಸುಲಭ! ನಾಳೆಯಿಂದ ದಿನವೂ ಎರಡು ತಟ್ಟೆ ಹಾಕಬಹುದು. ಆದರೆ ಅವಳು ಕಾದ ವರ್ಷಗಳು ಅವಳ ಮೈಯಲ್ಲಿ ಕೂತುಬಿಟ್ಟಿದ್ದವು. ಅವನು ಒಂದು ದಿನ ಮಾತು ತಡಮಾಡಿದರೂ ತಾನು ಮತ್ತೆ ಲಾಕರು ತೆರೆದು ನೋಡಲು ಓಡುವವಳೇ ಎಂದು ಅವಳಿಗೆ ಗೊತ್ತಿತ್ತು.

"ಬೇಡ ಅನ್ನಲಿಕ್ಕೆ ಮನಸ್ಸು ಬರ್ತದೆ," ಎಂದಳು. "ಆದ್ರೆ ನನಗೆ ಹೆದರಿಕೆ ಇಲ್ಲದ ಒಂದು ಮನೆ ಬೇಕು. ಅದು ನನ್ನೊಬ್ಬಳದೇ ಆಗಿರ್ಬೇಕು. ನಿಮ್ಮ ಮೇಲೆ ಕೋಪದಲ್ಲಿ ಹೇಳುದಲ್ಲ ಇದು."

ಅವನು ತಲೆಯಾಡಿಸಿದ. ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟು, ಬೆಳಕಿರುವಾಗಲೇ ಹೊರಟ.

ಮರುವಾರ ಕಮಲಾಕ್ಷರ ಮೇಜಿನ ಎದುರು ಮತ್ತೆ ಕೂತರು. ಬಸ್ಸಿನ ಸಾಲ ಪೂರ್ತಿ ಸಮ್ಮೇದನಿಗೆ, ಜಾಮೀನು ಹೇಮರಾಜರದು ಎಂದು ಬರೆದಾಯಿತು. ವಕೀಲರು ಪೆನ್ನಿನ ಮುಚ್ಚಳ ಹಾಕುವಾಗ ಸಮ್ಮೇದ್, "ಒಂದು ಬಿಟ್ಟುಹೋಗಿದೆ," ಎಂದ. "ಇವಳ ಹದಿನಾಲ್ಕು ಪವನು ಚಿನ್ನ ನಾನು ಹೇಳದೆ ತೆಗೆದು ಕಳೆದಿದ್ದೇನೆ. ಅದನ್ನು ನಾನು ಕೊಡ್ಬೇಕು."

"ಅದು ಬೇಡ," ಎಂದಳು ಅನಿಷಾ.

"ಬೇಕು."

ಕಮಲಾಕ್ಷರು ಇಬ್ಬರನ್ನೂ ನೋಡಿ ಮತ್ತೆ ಮುಚ್ಚಳ ತೆಗೆದರು. "ಆಗಿನ ರೇಟಿನಲ್ಲಿ ಎಷ್ಟಾಗ್ತದೆ ಅಂತ ರೂಪಾಯಿಯಲ್ಲಿ ಬರೆಯುವ. ನಿಮಗೂ ಸುಲಭ. ಈಗ ಚಿನ್ನದ ರೇಟು ಕೇಳುದೇ ಬೇಡ."

"ರೂಪಾಯಿ ಬೇಡ. ತಗೊಂಡದ್ದು ಚಿನ್ನ, ಕೊಡುದೂ ಚಿನ್ನವೇ. ವರ್ಷಕ್ಕೆ ಒಂದು ಪವನಾದ್ರೂ ಕೊಡ್ತೇನೆ ಅಂತ ಬರೀರಿ."

"ಹದಿನಾಲ್ಕು ವರ್ಷ ಆಗ್ತದೆ ಮಾರಾಯ್ರೆ."

"ಆಗ್ಲಿ," ಎಂದ ಸಮ್ಮೇದ್.

ಅನಿಷಾ ಮೇಜಿನ ಅಂಚನ್ನು ನೋಡುತ್ತ ಕೂತಿದ್ದಳು. ಅವನ ಮಾನ ಉಳಿಸಲೆಂದು ಅವಳು ಮುಚ್ಚಿಟ್ಟದ್ದನ್ನು ಅವನೇ ಎತ್ತಿ ಮೇಜಿನ ಮೇಲಿಟ್ಟಿದ್ದ. ಅವನ ಮಾನ ಹೋದ ಹಾಗೆ ಅವಳಿಗೆ ಕಾಣಲಿಲ್ಲ. ಅವನನ್ನು ಮದುವೆಯಾದದ್ದರ ಬಗ್ಗೆ ಬಹಳ ವರ್ಷಗಳ ಮೇಲೆ ಅವಳಿಗೆ ಹೆಮ್ಮೆ ಅನಿಸಿದ್ದು, ದುರದೃಷ್ಟಕ್ಕೆ, ಆ ವಕೀಲರ ಆಫೀಸಿನಲ್ಲಿ.

ಬಿಸುವಿಗೆ ನಾಲ್ಕು ದಿನವಿರುವಾಗ ಸೈನಬಕ್ಕನ ಮನೆ ಅನಿಷಾಳ ಹೆಸರಿಗಾಯಿತು. ಕೋರ್ಟಿನ ಆರು ತಿಂಗಳ ಕಾಯುವಿಕೆ ಮುಗಿದದ್ದು ಸೋಣ ತಿಂಗಳು ದಾಟಿ, ಸೆಪ್ಟೆಂಬರಿನ ಕೊನೆಗೆ. ನ್ಯಾಯಾಧೀಶರು ಒಬ್ಬೊಬ್ಬರನ್ನೇ ಕೇಳಿದರು, ಇಬ್ಬರೂ ಹೌದು ಎಂದರು, ಮುಗಿಯಿತು. ಹೊರಗೆ ಬಂದಾಗ ಮಧ್ಯಾಹ್ನದ ಬಿಸಿಲು. ಹನೀಫಾ ಬೆಳ್ತಂಗಡಿ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲಿಸಿಕೊಂಡು ಕಾಯುತ್ತಿದ್ದ. ಮುಂದಿನ ಟ್ರಿಪ್ಪು ಸಮ್ಮೇದನದೇ.

ಇಬ್ಬರೂ ಬಸ್ಸಿನವರೆಗೆ ಒಟ್ಟಿಗೆ ನಡೆದರು. ಸುಮ್ಮನೆ ನಡೆಯುವುದೂ ಕಷ್ಟವಾಗಿ, ಅನಿಷಾ ಬಾಯಿಗೆ ಬಂದದ್ದನ್ನು ಕೇಳಿದಳು.

"ಟಯರು ಹೇಗುಂಟು?"

"ಹಿಂದಿನದು ಎರಡು ಸವೆದಿದೆ," ಎಂದ ಸಮ್ಮೇದ್. "ಈ ತಿಂಗಳು ಹಣ ಇಲ್ಲ. ನಿನ್ನ ಪವನಿಗೆ ತೆಗೆದಿಟ್ಟದ್ದನ್ನು ಮುಟ್ಟುದಿಲ್ಲ. ಮುಂದಿನ ತಿಂಗಳು ಒಂದು ಹಾಕಿಸ್ತೇನೆ, ಅದರ ಮುಂದಿನ ತಿಂಗಳು ಇನ್ನೊಂದು. ಅಲ್ಲಿಯವರೆಗೆ ನಿಧಾನ ಓಡಿಸ್ತೇನೆ."

ಅನಿಷಾ ನಿಂತುಬಿಟ್ಟಳು. ಕೋರ್ಟಿನಲ್ಲಿ ಬಾರದ ಅಳು ಬಸ್‌ಸ್ಟ್ಯಾಂಡಿನ ನಡುಮಧ್ಯೆ ಉಕ್ಕಿಬಂತು. ಕಡಲೆ ಮಾರುವವನೂ ತಿರುಗಿ ನೋಡಿದ.

"ಇಷ್ಟು ಹೇಳಿದ್ರೆ ಸಾಕಿತ್ತು," ಎಂದಳು. "ಆಗ, ಇಷ್ಟೇ ಸಾಕಿತ್ತು."

"ಈಗ ಗೊತ್ತಾಗ್ತದೆ," ಎಂದ ಅವನು ಮೆಲ್ಲಗೆ. ಸೆರಗು ಕಣ್ಣಿಗೊತ್ತಿಕೊಂಡು ಅವಳು ಸುಧಾರಿಸಿಕೊಳ್ಳುವವರೆಗೆ ಪಕ್ಕದಲ್ಲಿ ನಿಂತಿದ್ದು, ಆಮೇಲೆ ತನ್ನ ಸೀಟಿಗೆ ಹತ್ತಿದ.

ಅವಳು ಮುಂದಿನ ಸೀಟಿನಲ್ಲೇ ಕೂತಳು. ಬಸ್ಸು ಹೊರಟ ಮೇಲೆ ಹನೀಫಾ ಬಂದ. ಅವಳು ದುಡ್ಡು ಚಾಚಿದಳು. ಅವನು ಮೊದಲಿನ ಹಾಗೆ ಕೈ ಹಿಂದೆಳೆದುಕೊಂಡು ಕನ್ನಡಿಯಲ್ಲಿ ಧಣಿಯ ಮುಖ ನೋಡಿದ. ಸಮ್ಮೇದ್ ಕನ್ನಡಿಯಲ್ಲೇ ಅವಳನ್ನು ಒಮ್ಮೆ ನೋಡಿದ.

"ತಗೋ ಹನೀಫಾ," ಎಂದ. "ಅವರು ಕೊಟ್ಟದ್ದನ್ನು ಬೇಡ ಅನ್ಬೇಡ."

ಹನೀಫಾ ದುಡ್ಡು ತೆಗೆದುಕೊಂಡು ಟಿಕೇಟು ಹರಿದ. "ಎಲ್ಲಿಗೆ ಅಕ್ಕ?" ಎಂದು ಗೊತ್ತಿದ್ದೂ ಕೇಳಿದ.

"ಮೂಡುಬಿದಿರೆ. ನನ್ನ ಮನೆಗೆ," ಎಂದಳು ಅನಿಷಾ.

ಗುರುವಾಯನಕೆರೆಯ ತಿರುವಿನಲ್ಲಿ ಸಮ್ಮೇದ್ ಬಸ್ಸನ್ನು ಬಹಳ ನಿಧಾನ ಮಾಡಿದ. ಹಿಂದಿನ ಟಯರು ಸವೆದಿತ್ತು, ಅವಳಿಗೆ ಅದು ಗೊತ್ತಿತ್ತು.